ಸ್ಕೋವಿಯಾಳ ಮಂಗಳವಾರ

ಸ್ಕೋವಿಯಾ ನಬಕೂಜಾ ತೀರಿಕೊಂಡ ಸುದ್ದಿಯನ್ನು ರೇಡಿಯೊದಲ್ಲಿ ಬೆಳಿಗ್ಗೆಯೂ ಸಂಜೆಯೂ ಓದಿದರು. ಇಂಥವರ ಮಗಳು, ಇಂಥವರ ಮೊಮ್ಮಗಳು, ಇಂಥ ಊರಿನಲ್ಲಿ ಮಣ್ಣು, ಬರುವವರು ಮಿತ್ಯಾನಾ ರಸ್ತೆ ಹಿಡಿಯಬೇಕು. ಸಾವಿನ ಪ್ರಕಟಣೆಗೆ ರೇಡಿಯೊದವರು ಕೊಡುವುದು ಅಷ್ಟೇ ಹೊತ್ತು. ಅವಳು ಒಂದು ಪರೀಕ್ಷೆಗೆ ಹೇಗೆ ಓದಿದಳು ಎಂಬುದು ಅದರಲ್ಲಿ ಹಿಡಿಸುವ ಮಾತಲ್ಲ. ಮಣ್ಣು ಮಾಡಿದ ದಿನ ಎದ್ದು ನಿಂತು ಮಾತಾಡಿದವರೂ ಅದನ್ನು ಹೇಳಲಿಲ್ಲ. ಅವರು ಯಾರೂ ಅದನ್ನು ಕಂಡಿರಲಿಲ್ಲ. ಕಂಡವಳು ನಾನೊಬ್ಬಳು, ಹಾಗಾಗಿ ಬರೆಯುತ್ತಿದ್ದೇನೆ.

ನಾವಿಬ್ಬರೂ ಕಂಪಾಲಾದಲ್ಲಿ ಒಂದು ಕಾಫಿ ರಫ್ತು ಕಂಪನಿಯಲ್ಲಿದ್ದೆವು. ನಾನು ಲೆಕ್ಕಪತ್ರ ವಿಭಾಗ, ಅವಳು ಸಾಗಣೆ ವಿಭಾಗ. ಯಾವ ಮೂಟೆ ಯಾವ ಕಂಟೇನರಿಗೆ, ಯಾವ ಕಂಟೇನರು ಮೊಂಬಾಸಾದ ಯಾವ ಹಡಗಿಗೆ ಎಂಬುದನ್ನು ನೋಡಿಕೊಳ್ಳುತ್ತಿದ್ದಳು. ವಿಭಾಗದ ಮುಖ್ಯಸ್ಥರು ಕೆಲಸ ಬಿಟ್ಟಾಗಲೆಲ್ಲ ಅವರ ಕುರ್ಚಿ ಅವಳಿಗೆ ಬರುತ್ತಿತ್ತು. ಹೊಸಬರು ಬಂದ ಕೂಡಲೇ ಎದ್ದು ಕೊಡಬೇಕಾಗುತ್ತಿತ್ತು. ಬಂದವರ ಹೆಸರಿನ ಜೊತೆ ಯಾವಾಗಲೂ ಎಂಬಿಎ ಇರುತ್ತಿತ್ತು. ಎರಡನೆಯ ಸಲ ಹೀಗಾದ ದಿನ ಅವಳು ಕ್ಯಾಂಟೀನಿನಲ್ಲಿ ಬೇಯಿಸಿದ ಬಾಳೆಕಾಯಿಯ ಮತೋಕೆ ತುಂಬಿದ ತನ್ನ ತಟ್ಟೆಯನ್ನು ನನ್ನೆದುರು ಇಟ್ಟು ಕೂತಳು.

"ಲಾಕೆರ್, ಆ ಮೂರು ಅಕ್ಷರ ನಾನೂ ತರ್ತೀನಿ."

"ಎಲ್ಲಿಂದ?"

"ಕೇಪ್‌ಟೌನಿಂದ. ಅಲ್ಲಿ ಒಳ್ಳೇ ಶಾಲೆ ಇದೆ. ಮೊದಲು ಜಿಮ್ಯಾಟ್ ಅನ್ನೋ ಪ್ರವೇಶ ಪರೀಕ್ಷೆ ಬರೀಬೇಕು."

"ನಿಮ್ಮಪ್ಪ ಬಿಡ್ತಾರಾ?"

"ಮೊದಲು ಪರೀಕ್ಷೆ ಬಿಡಲಿ. ಅಪ್ಪನ ವಿಷಯ ಆಮೇಲೆ."

ಅವಳ ಜೊತೆ ನಾನೂ ಬರೆಯುವುದೆಂದು ಮಾತಾಯಿತು. ಕೆಲಸ ಮುಗಿದ ಮೇಲೆ ಖಾಲಿ ಕ್ಯಾಂಟೀನಿನಲ್ಲಿ ಕೂರುತ್ತಿದ್ದೆವು. ಅಡುಗೆಯಾಕೆ ಪಾತ್ರೆ ತೊಳೆಯುತ್ತ, "ಗಂಡು ಹುಡುಕೋ ವಯಸ್ಸಲ್ಲಿ ಇಬ್ಬರೂ ತ್ರಿಕೋನ ಹುಡುಕ್ತಾ ಕೂತಿದ್ದೀರಲ್ಲ," ಎನ್ನುತ್ತಿದ್ದಳು. ಕೆಲವೇ ವಾರಗಳಲ್ಲಿ ನನಗೆ ಪರೀಕ್ಷೆ ಸಾಕಾಯಿತು. ಆದರೂ ಅವಳಿಗೆ ಗಡಿಯಾರ ಹಿಡಿಯಲು ಒಬ್ಬರು ಬೇಕಿತ್ತು. ನಾನು ಕೂತೆ.

ಆ ಪರೀಕ್ಷೆಯಲ್ಲಿ ಒಂದು ಬಗೆಯ ಪ್ರಶ್ನೆಯಿದೆ. ಉತ್ತರ ಹೇಳಬೇಕಾಗಿಲ್ಲ. ಎರಡು ಮಾಹಿತಿ ಕೊಟ್ಟಿರುತ್ತಾರೆ. ಉತ್ತರ ಹೇಳಲು ಅವು ಸಾಕೋ ಸಾಲವೋ ಎಂದಷ್ಟೇ ಹೇಳಬೇಕು. ಬೇರೆಯವರು ಇದಕ್ಕೆ ಹೆದರುತ್ತಾರೆ, ಸ್ಕೋವಿಯಾಗೆ ಅದು ಕಡಲೇಕಾಯಿ ಸುಲಿದಷ್ಟು ಸುಲಭ. ಊಟದ ಹೊತ್ತಿನಲ್ಲೂ ಅದೇ ಆಟ.

"ನಮ್ಮ ಹೊಸ ಮುಖ್ಯಸ್ಥ ಉಂಗುರ ಹಾಕಲ್ಲ. ಭಾನುವಾರ ಫೋನ್ ಎತ್ತಲ್ಲ. ಮದುವೆಯಾಗಿದೆಯಾ ಇಲ್ವಾ ಹೇಳೋಕೆ ಸಾಕಾ?"

"ಎರಡೂ ಸೇರಿದ್ರೆ ಸಾಕು," ಎನ್ನುತ್ತಿದ್ದೆ.

"ದಡ್ಡಿ. ಎರಡನೇದೊಂದೇ ಸಾಕು."

ಅವಳ ಕಷ್ಟ ಬೇರೆಯಿತ್ತು. ಒಂದು ಪ್ರಶ್ನೆ ಬಗೆಹರಿಯದಿದ್ದರೆ ಅದನ್ನು ಬಿಟ್ಟು ಮುಂದೆ ಹೋಗುವುದು ಅವಳಿಂದಾಗುತ್ತಿರಲಿಲ್ಲ. ಸಾಗಣೆ ಕೆಲಸದ ಅಭ್ಯಾಸ ಅದು. ಒಂದು ಮೂಟೆ ಲೆಕ್ಕಕ್ಕೆ ಸಿಗದಿದ್ದರೆ ಇಡೀ ಕಂಟೇನರು ನಿಲ್ಲುತ್ತದೆ. ನಾನು ಗಡಿಯಾರ ತೋರಿಸಿ, "ಬಿಡು, ಯಾವುದಾದ್ರೂ ಒಂದು ಒತ್ತು, ಮುಂದಕ್ಕೆ ಹೋಗು," ಎಂದರೆ ಕೈಯೆತ್ತಿ ನನ್ನನ್ನು ಸುಮ್ಮನಿರಿಸಿ ಅದನ್ನೇ ಹಿಡಿದು ಕೂರುತ್ತಿದ್ದಳು. ಉತ್ತರ ಸಿಗುತ್ತಿತ್ತು. ಅಷ್ಟರಲ್ಲಿ ಮುಂದಿನ ನಾಲ್ಕು ಪ್ರಶ್ನೆಗಳ ಹೊತ್ತು ಹೋಗಿರುತ್ತಿತ್ತು.

ಪರೀಕ್ಷೆಗೆ ಒಂದು ಶನಿವಾರ ಗೊತ್ತಾಯಿತು. ಅದಕ್ಕೆ ಕೆಲವು ವಾರ ಮೊದಲು ಊರಿನಲ್ಲಿ ಅವಳ ಸೋದರತ್ತೆಯ ಕೊನೆಯ ಕರ್ಮ ಬಂತು. ಸೋದರತ್ತೆ ನಲ್ವೊಗಾ, ಸ್ಕೋವಿಯಾಳ ಅಪ್ಪನಿಗೆ ಅಕ್ಕ. ತೀರಿಕೊಂಡು ವರ್ಷದ ಮೇಲಾಗಿತ್ತು. ತಮ್ಮಂದಿರ ಹೆಣ್ಣುಮಕ್ಕಳನ್ನೆಲ್ಲ ಮುಂದೆ ನಿಂತು ಮದುವೆ ಮಾಡಿಕೊಟ್ಟ ಹೆಂಗಸು, ಹುಬ್ಬು ಗಂಟಿಕ್ಕಿದರೆ ಗಂಡಿನ ಕಡೆಯವರು ನೀರು ಕೇಳಲೂ ಹೆದರುತ್ತಿದ್ದರಂತೆ. ಸತ್ತವರ ಜಾಗ ಸ್ಕೋವಿಯಾಳ ಬಗಂಡ ಜನರಲ್ಲಿ ಖಾಲಿ ಉಳಿಯುವುದಿಲ್ಲ. ಕೊನೆಯ ಕರ್ಮದ ದಿನ ಬೆಳಗಾಗುವಾಗ ಕುಲದ ಹಿರಿಯರು ಒಬ್ಬರನ್ನು ಆ ಜಾಗಕ್ಕೆ ಕೂರಿಸುತ್ತಾರೆ. ಯಾರೆಂದು ಮೊದಲೇ ಬಾಯಿ ಬಿಡುವುದಿಲ್ಲ.

ನನ್ನನ್ನೂ ಕರೆದಿದ್ದಳು. ಊರಿಗೆ ಹೋಗುವ ವ್ಯಾನಿನಲ್ಲಿ ಮಡಿಲಲ್ಲಿ ಪುಸ್ತಕವಿಟ್ಟುಕೊಂಡೇ ಕೂತಿದ್ದಳು.

"ನಮ್ಮ ಗೋರೆಟ್ಟಿ ನನಗಿಂತ ದೊಡ್ಡವಳು," ಎಂದಳು. ಗೋರೆಟ್ಟಿ ಅವಳ ಅಕ್ಕ. "ಮದುವೆಯಾಗಿ ಮೂರು ಮಕ್ಕಳಿದ್ದಾರೆ. ಸೋದರತ್ತೆ ಜಾಗ ಅವಳಿಗೇ ಅಂತ ಹೇಳೋಕೆ ಸಾಕಾ?"

"ಸಾಕು," ಎಂದೆ.

"ಸಾಕು," ಎಂದು ಅವಳೂ ಪುಟ ತಿರುಗಿಸಿದಳು.

ಸಾಲದೆ ಹೋಯಿತು. ಬಾಳೆತೋಟದ ಮೇಲೆ ಇನ್ನೂ ಮಂಜು ಇದ್ದಾಗ ಹಿರಿಯರು ಮನೆಯೊಳಗಿನಿಂದ ಕೈಹಿಡಿದು ಹೊರಗೆ ತಂದದ್ದು ಸ್ಕೋವಿಯಾಳನ್ನು. ಭುಜದ ಮೇಲೆ ನಾರುಮಡಿ ಕಟ್ಟಿದ್ದರು. ಒಂದು ಕೈಗೆ ಬುಟ್ಟಿ, ಇನ್ನೊಂದಕ್ಕೆ ಸಣ್ಣ ಚಾಕು ಕೊಟ್ಟಿದ್ದರು. ಕುಲದ ಹಿರಿಯ ಸೆಂಪಾ ಎಲ್ಲರಿಗೂ ಕೇಳುವಂತೆ ಹೇಳಿದರು: "ನಲ್ವೊಗಾ ಹೋದಳು ಅಂತ ಅತ್ರಲ್ಲ. ಇಗೋ ಇಲ್ಲಿದ್ದಾಳೆ. ಹಿಡಿದದ್ದು ಬಿಡದ ಹುಡುಗಿ ಇವಳು ಅಂತ ನಲ್ವೊಗಾನೇ ಬದುಕಿದ್ದಾಗ ತೋರಿಸಿದ್ದಳು. ಬಂದು ಮಾತಾಡಿಸಿ."

ಸಾಲಾಗಿ ಬಂದರು. ಮೊದಲು ಬಂದದ್ದು ಸೋದರತ್ತೆಯ ಗಂಡ, ಮುದುಕ ಕಿಯಿಂಬಾ. ಊರುಗೋಲು ಊರಿ ಅವಳನ್ನು ಮೇಲಿಂದ ಕೆಳಗೆ ನೋಡಿ, "ಏನೇ, ಹೋದವಳು ಇಷ್ಟು ವಯಸ್ಸು ಇಳಿಸ್ಕೊಂಡು ಬಂದಿದ್ದೀಯ. ಆ ಅಂಗಡಿ ಎಲ್ಲಿದೆ ಅಂತ ನನಗೂ ಹೇಳಬಾರದಾ?" ಎಂದ. ಅಂಗಳ ನಕ್ಕಿತು. ಅವನ ಹಿರಿಮಗ ಕಸುಂಬಾ, ತಲೆ ಬೋಳಾದವನು, "ಅಮ್ಮಾ, ಹಸಿವು. ನೀನು ಹೋದ ಮೇಲೆ ಇವಳು ನನಗೆ ಸರಿಯಾಗಿ ಬಡಿಸಲ್ಲ," ಎಂದು ಹೆಂಡತಿಯನ್ನು ತೋರಿಸಿದ. ಸ್ಕೋವಿಯಾಳೂ ನಕ್ಕಳು. ತನಗಿಂತ ದೊಡ್ಡವನ ತಲೆ ಸವರಿ, "ಹೊಟ್ಟೆ ನೋಡಿದ್ರೆ ಹಾಗನ್ನಿಸಲ್ವಲ್ಲ ಮಗನೇ," ಎಂದಳು.

ಆಮೇಲೆ ಅವಳ ತಾಯಿ ಬಂದರು. ಗಂಡನ ಅಕ್ಕನೆದುರು ಹೇಗೋ ಹಾಗೆ ಹುಲ್ಲಿನ ಮೇಲೆ ಮಂಡಿಯೂರಿ ಕ್ಷೇಮ ಕೇಳಿದರು. ಸ್ಕೋವಿಯಾ ಬಗ್ಗಿ ಎಬ್ಬಿಸಲು ಹೋದಳು. ಸೆಂಪಾ ಅವಳ ತೋಳು ಹಿಡಿದು ತಡೆದರು. ತಾಯಿಯ ಹಿಂದೆ ಅಪ್ಪ ಕಾಯಿವಾ ನಿಂತಿದ್ದರು. ಅವರು ತಮಾಷೆ ಮಾಡಲಿಲ್ಲ. ಅವಳ ಎರಡು ಕೈಯನ್ನೂ ಹಿಡಿದು, "ಅಕ್ಕಾ, ಬಂದೆಯಾ," ಎಂದು ಅತ್ತರು. ಅಕ್ಕನನ್ನು ತುಂಬಾ ಹಚ್ಚಿಕೊಂಡಿದ್ದ ಮನುಷ್ಯ.

ನಾನು ದೇಶದ ಉತ್ತರದವಳು, ಅಚೋಲಿ ಜನದವಳು. ಇವರ ನಡುವೆ ಎಷ್ಟು ವರ್ಷ ಇದ್ದರೂ ಇದನ್ನು ಒಂದು ದಿನದ ಆಟವೆಂದೇ ತಿಳಿದಿದ್ದೆ. ಮುಂದಿನ ವಾರ ಕಾಯಿವಾ ಆಫೀಸಿಗೆ ಫೋನ್ ಮಾಡಿದರು, ನಾನು ಎತ್ತಿದೆ. "ಅಕ್ಕ ಇದ್ದಾಳಾ?" ಎಂದರು. ಯಾರ ಅಕ್ಕ ಎಂದು ಕೇಳುವವಳಿದ್ದೆ. ಅಷ್ಟರಲ್ಲಿ ಸ್ಕೋವಿಯಾ ಕೈ ಚಾಚಿ ಫೋನ್ ತೆಗೆದುಕೊಂಡಳು.

ಮದುವೆ ನಿಶ್ಚಯದ ದಿನ ಹುಡುಗಿಯ ಸೋದರತ್ತೆ ಒಳಗಿನಿಂದ ಬಂದು, ನೆರೆದ ಗಂಡಸರ ನಡುವೆ ಗಂಡನ್ನು ಗುರುತಿಸಿ, ಇವನೇ ನಮ್ಮವನು ಎನ್ನಬೇಕು. ಅವಳಿಲ್ಲದೆ ಹುಡುಗಿಯನ್ನು ಕೊಡುವಂತಿಲ್ಲ. ಸ್ಕೋವಿಯಾಳ ಚಿಕ್ಕಪ್ಪ ದೊಡ್ಡಪ್ಪಂದಿರಿಗೆಲ್ಲ ಬೆಳೆದ ಹೆಣ್ಣುಮಕ್ಕಳು. ಅವರೆಲ್ಲರಿಗೂ ಈಗ ಸ್ಕೋವಿಯಾ ಸೆಂಗ, ಅಂದರೆ ಸೋದರತ್ತೆ. ಸ್ವಂತ ಅಕ್ಕ ಗೋರೆಟ್ಟಿಗೂ ಸೆಂಗ. ಪರೀಕ್ಷೆಗೆಂದು ಗೊತ್ತಾಗಿದ್ದ ಶನಿವಾರವೇ ಒಬ್ಬ ಹುಡುಗಿಯ ನಿಶ್ಚಯ ಬಿತ್ತು. ಪರೀಕ್ಷೆ ಮುಂದೆ ಹೋಯಿತು. ಎರಡನೆಯ ಶನಿವಾರಕ್ಕೂ ಇನ್ನೊಬ್ಬಳದು ಬಂತು.

ನಿಶ್ಚಯಗಳಿಗೆ ಹೋಗುವ ವ್ಯಾನಿನಲ್ಲಿ ಅವಳನ್ನು ನೋಡಬೇಕಿತ್ತು. ತೋಳು ಭುಜದಲ್ಲಿ ಚೂಪಾಗಿ ಎದ್ದು ನಿಂತ ರೇಷ್ಮೆಯ ಉದ್ದ ಉಡುಪು ಗೊಮೆಸಿ ಉಟ್ಟು, ಸೊಂಟದ ಪಟ್ಟಿಯೊಳಗೆ ಪ್ರಶ್ನೆಯ ಚೀಟಿಗಳನ್ನು ಸಿಕ್ಕಿಸಿಕೊಂಡು, ತುಟಿ ಅಲ್ಲಾಡಿಸುತ್ತ ಕೂತಿರುತ್ತಿದ್ದಳು. ಪಕ್ಕದ ಹೆಂಗಸರು ಜಪ ಮಾಡುತ್ತಿದ್ದಾಳೆಂದು ದನಿ ತಗ್ಗಿಸುತ್ತಿದ್ದರು. ಸಂಜೆ ಕ್ಯಾಂಟೀನಿನಲ್ಲಿ ಕೂತರೆ ಫೋನ್. ಹೊಸದಾಗಿ ಮದುವೆಯಾದ ಹುಡುಗಿಯರು ಎಲ್ಲವನ್ನೂ ಸೆಂಗಳನ್ನೇ ಕೇಳಬೇಕು.

"ಗೊರಕೆ ಹೊಡೆದ್ರೆ ಮಗ್ಗುಲಿಗೆ ಹೊರಳಿಸು," ಎನ್ನುತ್ತಿದ್ದಳು ಒಂದು ದಿನ. "ಇಲ್ಲಮ್ಮ, ಅದಕ್ಕೆಲ್ಲ ತವರಿಗೆ ಬರ್ತಾರಾ? ಹೊರಳಿಸು." ಫೋನಿಟ್ಟು ನನ್ನ ಕಡೆ ತಿರುಗಿ, "ನನಗೆ ಗಂಡನೂ ಇಲ್ಲ, ಗೊರಕೆನೂ ಇಲ್ಲ. ಎಷ್ಟು ನಿಮಿಷ ಹೋಯ್ತು?"

"ಏಳು."

"ಮೊದಲಿಂದ ಶುರು ಮಾಡೋಣ."

ಒಂದು ಸಂಜೆ ಕರೆಂಟು ಹೋಯಿತು. ಪುಸ್ತಕ ಮುಚ್ಚಿ ಕಿಟಕಿಯ ಹತ್ತಿರ ಕೂತೆವು. ಹೊರಗೆ ಕಸದ ರಾಶಿಯ ಮೇಲೆ ಬಕಗಳು ಕತ್ತು ಒಳಗೆಳೆದು ನಿಂತಿದ್ದವು. ಅವಳು ತಾನಾಗಿಯೇ ಮಾತು ತೆಗೆದಳು.

"ಊರಿಗೆ ಹೋದ್ರೆ ಮೊದಲೆಲ್ಲ ಅಮ್ಮನ ಮಂಚದ ಮೇಲೆ ಬಿದ್ದುಕೊಳ್ತಿದ್ದೆ. ಈಗ ನಾನು ಬಂದ್ರೆ ಹೊಸ ಚಾಪೆ ಹಾಸ್ತಾಳೆ. ಕೋಳಿ ಕುಯ್ಯಿಸ್ತಾಳೆ. ತಾನು ಕೆಳಗೆ ಕೂರ್ತಾಳೆ. ಗೋರೆಟ್ಟಿ ಜೊತೆ ಜಗಳ ಆಡೋ ಹಾಗಿಲ್ಲ. ಅಪ್ಪನಂತೂ ಬಿಡು. ತಾನು ಚಿಕ್ಕವನಿದ್ದಾಗ ಅಕ್ಕ ಹೊಡೆದಿದ್ದು ನೆನಪಿದೆಯಾ ಅಂತ ನನ್ನನ್ನ ಕೇಳ್ತಾನೆ. ನೆನಪಿದೆ ಅನ್ನಬೇಕು."

"ಇಷ್ಟ ಇಲ್ಲ ಅಂತ ಹೇಳಬಹುದಿತ್ತಲ್ಲ?"

"ಇಷ್ಟ ಇಲ್ಲ ಅಂತೇನಲ್ಲ. ಗೌರವ ಅದು. ಸಾವಿರ ಜನ ಹುಡುಗಿಯರಲ್ಲಿ ನನ್ನನ್ನ ಆರಿಸಿದ್ದು." ಮುಚ್ಚಿದ ಪುಸ್ತಕವನ್ನು ಪಕ್ಕಕ್ಕೆ ಸರಿಸಿ ಹೇಳಿದಳು: "ಬೈಯೋರು ಇಲ್ಲ ಕಣೇ. ನನ್ನನ್ನ ಬೈಯೋರು ಒಬ್ಬರೂ ಉಳಿದಿಲ್ಲ."

ನಾನು ಬೈದೆ. ಸೋಮಾರಿ, ಎರಡು ಸಲ ಪರೀಕ್ಷೆ ಮುಂದೆ ಹಾಕಿದವಳು, ನಿನಗೆಲ್ಲಿಯ ಎಂಬಿಎ ಎಂದೆ. ಅವಳು ನಕ್ಕಳು. ಅದು ಅವಳ ಅಮ್ಮ ಬೈದಂತೆ ಆಗಲಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು.

ಮೂರನೆಯ ಸಲ ಅವಳು ಮಂಗಳವಾರ ಆರಿಸಿಕೊಂಡಳು. "ಮಂಗಳವಾರ ಯಾರೂ ಮದುವೆ ಮಾಡ್ಕೊಳ್ಳಲ್ಲ," ಎಂದಳು. ಆ ದಿನ ನಾನು ರಜೆ ಹಾಕಿ ಪರೀಕ್ಷೆಯ ಕಟ್ಟಡದೆದುರು, ರಸ್ತೆಯಾಚೆ ಬಾಳೆಕಾಯಿ ಸುಡುವವಳ ಬೆಂಚಿನಲ್ಲಿ ಕೂತೆ. ಮಧ್ಯಾಹ್ನ ದಾಟಿದ ಮೇಲೆ ಅವಳು ಬಂದಳು. ಬಿಸಿಲಿಗೆ ಕಣ್ಣು ಕಿರಿದು ಮಾಡಿ ರಸ್ತೆ ದಾಟುತ್ತಿದ್ದವಳ ಮುಖ ನೋಡಿ ಕೆಟ್ಟಿತೆಂದುಕೊಂಡೆ.

"ಬಂತು," ಎಂದಳು. ಅವಳು ಹೇಳಿದ ಅಂಕ ನಾವು ಬೇಡಿಕೊಂಡದ್ದಕ್ಕಿಂತ ಹೆಚ್ಚಿತ್ತು. "ಮೂರು ಪ್ರಶ್ನೆ ಬಿಟ್ಟೆ ಲಾಕೆರ್. ಕಣ್ಮುಚ್ಚಿ ಯಾವುದೋ ಒಂದು ಒತ್ತಿ ಮುಂದಕ್ಕೆ ಹೋದೆ. ಬಿಟ್ಟದ್ದು ಇನ್ನೂ ತಲೇಲಿದೆ."

"ಊರಿಗೆ ಹೇಳು, ಮೊದಲು ಊರಿಗೆ ಹೇಳು," ಎಂದೆ.

ಅಲ್ಲೇ ನಿಂತು ಫೋನ್ ಮಾಡಿದಳು. ಎತ್ತಿದ್ದು ಗೋರೆಟ್ಟಿ. ಅವಳ ದನಿ ನನಗೂ ಕೇಳುತ್ತಿತ್ತು. "ಸೆಂಗ, ನಾನೇ ಮಾಡೋಳಿದ್ದೆ, ಒಳ್ಳೇದಾಯ್ತು. ಮುಂದಿನ ನಿಶ್ಚಯಕ್ಕೆ ಗಂಡಿನ ಕಡೆಯೋರು ಒಂದೇ ಬಸ್ಸಲ್ಲಿ ಬರ್ತೀವಿ ಅಂತಾರೆ. ಒಂದೇ ಬಸ್ಸಲ್ಲಿ ಬರೋದು ಮರ್ಯಾದೇನಾ? ನೀವೇ ಹೇಳಿ."

"ಎರಡು ಬಸ್ಸು ಅನ್ನು," ಎಂದಳು ಸ್ಕೋವಿಯಾ. "ಅವರಿಗೆ ನಾನು ಹೇಳ್ದೆ ಅಂತ ಹೇಳು." ಇನ್ನೂ ಸ್ವಲ್ಪ ಹೊತ್ತು ಕೇಳಿಸಿಕೊಂಡು ಫೋನಿಟ್ಟಳು.

"ಯಾಕೆ ಹೇಳ್ಲಿಲ್ಲ?"

"ಸೆಂಗ ಯಾವ ಪರೀಕ್ಷೆ ಬರೀತಾಳೆ? ಯಾರು ಪಾಸಾದ್ರು ಅಂತ ಹೇಳ್ಲಿ?" ಅವಳಿಗೆಂದು ನಾನು ಕೊಂಡಿದ್ದ ಸುಟ್ಟ ಬಾಳೆಕಾಯಿಯನ್ನು ಕಾಗದ ಸಮೇತ ನನ್ನ ಕೈಗೇ ಕೊಟ್ಟಳು. "ನೀನು ತಿನ್ನು. ನನಗೆ ಹಸಿವಿಲ್ಲ."

ಕೇಪ್‌ಟೌನಿನ ಶಾಲೆ ಸೀಟು ಕೊಟ್ಟಿತು, ಖರ್ಚಿನ ಬಹುಪಾಲು ತಾನೇ ಹೊರುವೆನೆಂದಿತು. ಇಷ್ಟಾದ ಮೇಲೆ ಊರಿಗೆ ಹೇಳದೆ ವಿಧಿಯಿರಲಿಲ್ಲ. ಕಾಯಿವಾ ಫೋನಿನಲ್ಲೇ ಆಗದು ಎಂದರು. ಎರಡು ವರ್ಷ ಸೋದರತ್ತೆ ದೇಶದಲ್ಲಿರದಿದ್ದರೆ ಹುಡುಗಿಯರ ಗತಿಯೇನು, ಅಕ್ಕನ ಜಾಗವನ್ನು ಖಾಲಿ ಬಿಡಲಿಕ್ಕೇ ಅಷ್ಟು ಜನರೆದುರು ಕೂರಿಸಿದ್ದೇ, ಎಂದು ಕೇಳಿದರು. ನಾಡಿನವರ ಬಾಯಿಗೆ ಬೀಳಬೇಕಾಗುತ್ತದೆ. ಶಾಲೆಯವರು ಉತ್ತರ ಹೇಳಲು ಕೊಟ್ಟ ಗಡುವು ಹತ್ತಿರ ಬರುತ್ತಿತ್ತು. ಒಂದು ಭಾನುವಾರ ನಾವಿಬ್ಬರೂ ಊರಿಗೆ ಹೋದೆವು.

ಹಲಸಿನ ಮರದ ಕೆಳಗೆ ಕುರ್ಚಿ ಹಾಕಿದ್ದರು. ಕಾಯಿವಾ, ಸೆಂಪಾ, ಇನ್ನಿಬ್ಬರು ಹಿರಿಯರು ಕೂತಿದ್ದರು. ಸ್ಕೋವಿಯಾಳ ತಾಯಿ ಚಾಪೆಯ ಮೇಲೆ. ಸ್ಕೋವಿಯಾ ತನಗೆಂದು ಇಟ್ಟ ಕುರ್ಚಿಯನ್ನು ಬಿಟ್ಟು ಅಪ್ಪನೆದುರು ಮಂಡಿಯೂರಿದಳು.

"ಅಪ್ಪಾ, ನಾನು ಓದೋಕೆ ಹೋಗ್ಬೇಕು. ಬೇಡ ಅನ್ಬೇಡ."

ಕಾಯಿವಾ ಗಾಬರಿಯಾಗಿ ಅತ್ತಿತ್ತ ನೋಡಿದರು. "ಏಳು ಅಕ್ಕಾ. ನೀನು ನನ್ನೆದುರು ಹೀಗೆ ಕೂರಬಾರದು. ನೋಡಿದವರು ಏನಂತಾರೆ? ಕುರ್ಚೀಲಿ ಕೂರು."

"ಅಪ್ಪಾ, ನಾನು ಸ್ಕೋವಿಯಾ."

"ಅಕ್ಕಾ, ಏಳು."

ಅವಳು ಎದ್ದಳು. ಲಂಗದ ಮಣ್ಣು ಕೊಡವಿಕೊಂಡು ಒಂದು ಕ್ಷಣ ಹಾಗೇ ನಿಂತಿದ್ದಳು. ಮರಳಿ ಹೋಗೋಣ ಎನ್ನುತ್ತಾಳೆಂದು ನಾನು ಚೀಲ ಎತ್ತಿಕೊಂಡೆ. ಅವಳು ಹೋಗಿ ಆ ಕುರ್ಚಿಯಲ್ಲಿ ಕೂತಳು. ಬೆನ್ನು ನೆಟ್ಟಗಾಯಿತು. ಹುಬ್ಬು ಗಂಟಾಯಿತು.

"ಕಾಯಿವಾ," ಎಂದಳು.

ಅಪ್ಪನನ್ನು ಅವಳು ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಜಾಗಕ್ಕೆ ಕೂರಿಸಿದ ದಿನವೂ ಕರೆದಿರಲಿಲ್ಲ. ತಾಯಿ ಬಾಯಿಯ ಮೇಲೆ ಕೈಯಿಟ್ಟುಕೊಂಡರು.

"ಆ," ಎಂದರು ಕಾಯಿವಾ.

"ನಿನ್ನ ಮಗಳು ಸ್ಕೋವಿಯಾ ಅಂತ ಒಬ್ಬಳಿದ್ದಾಳಲ್ಲ, ಅವಳನ್ನ ಓದೋಕೆ ಕಳಿಸಬೇಕು ಅಂತ ನಾನು ತೀರ್ಮಾನ ಮಾಡಿದ್ದೀನಿ. ನಿನ್ನ ಒಪ್ಪಿಗೆ ಕೇಳ್ತಾ ಇಲ್ಲ. ತಿಳಿಸ್ತಾ ಇದ್ದೀನಿ."

ಸೆಂಪಾ ಹೊಟ್ಟೆ ಕುಣಿಸಿ ನಗತೊಡಗಿದರು. "ಸಿಕ್ಕಿಬಿದ್ದೆ ಕಾಯಿವಾ. ಯಾವತ್ತಾದರೂ ನಲ್ವೊಗಾ ಮಾತು ಮೀರಿದ್ದೀಯಾ ನೀನು?"

"ಮೀರಿಲ್ಲ," ಎಂದರು ಕಾಯಿವಾ. ಅವರು ನಗಲಿಲ್ಲ. "ಮದುವೆಗಳು ಏನಾಗ್ಬೇಕು ಅಕ್ಕಾ?"

"ಗೋರೆಟ್ಟಿ ನನ್ನ ಬದಲು ಹೊರಗೆ ಬರ್ತಾಳೆ. ನಾನು ಕಳಿಸಿದ್ದು ಅಂತ ಹೇಳಿ ಬರ್ತಾಳೆ. ಹುಡುಗಿಯರು ನನಗೆ ಫೋನ್ ಮಾಡ್ಲಿ. ಇನ್ನೇನಿದೆ?"

"ಇನ್ನೇನಿಲ್ಲ."

ತಾಯಿ ಊಟಕ್ಕೆ ಕರೆದರು. ಬಾಳೆಯೆಲೆಯಲ್ಲಿ ಬೇಯಿಸಿದ ಮತೋಕೆ, ಕಡಲೇಕಾಯಿ ಗೊಜ್ಜು. ಸ್ಕೋವಿಯಾ ಗೆದ್ದವಳಂತೆ ಉಣ್ಣಲಿಲ್ಲ. ಹೊರಡುವಾಗ ಕಾಯಿವಾ ಬಾಳೆತೋಟದ ಕೊನೆಯವರೆಗೆ ನಮ್ಮ ಜೊತೆ ನಡೆದು ಬಂದರು. ರಸ್ತೆ ಬಂದಾಗ ನಿಂತು, ಅವಳನ್ನು ನೋಡದೆ ಮಣ್ಣನ್ನು ನೋಡುತ್ತ ಹೇಳಿದರು:

"ಅಕ್ಕಾ, ಆ ಹುಡುಗಿಗೆ ಒಂದು ಮಾತು ಹೇಳು. ಅಲ್ಲಿ ಚಳಿ ಜೋರಂತೆ. ಚಿಕ್ಕವಳಿದ್ದಾಗಿಂದ ಅವಳಿಗೆ ಎದೆ ಕಟ್ಟುತ್ತೆ. ದಪ್ಪ ಸ್ವೆಟರ್ ಇಟ್ಕೊಂಡು ಹೋಗಲಿ."

"ಹೇಳ್ತೀನಿ," ಎಂದಳು.

"ಊಟ ಬಿಡಬಾರದು ಅಂತ ಹೇಳು. ಓದೋಕೆ ಕೂತ್ರೆ ಊಟ ಮರೀತಾಳೆ ಅವಳು. ಅವಳು ಹೋಗ್ತಾಳೆ ಅಂದ್ರೆ ನನಗೆ," ಎಂದು ನಿಲ್ಲಿಸಿದರು. "ಇಷ್ಟೇ ಹೇಳು."

"ಹೇಳ್ತೀನಿ ಕಾಯಿವಾ."

ಟ್ಯಾಕ್ಸಿಯಲ್ಲಿ ಹಿಂದಿನ ಸೀಟಿನಲ್ಲಿ ಒತ್ತೊತ್ತಾಗಿ ಕೂತೆವು. ಗೆದ್ದೆಯಲ್ಲ ಎಂದೆ. "ನಾನು ಕೇಳಿದ್ದಕ್ಕೆ ಕೊಡ್ಲಿಲ್ಲ ಅಪ್ಪ, ಅಕ್ಕ ಹೇಳಿದ್ದಕ್ಕೆ ಕೊಟ್ಟ," ಎಂದಳು. ಕಂಪಾಲಾ ಬರುವವರೆಗೂ ಕಿಟಕಿಯ ಕಡೆ ಮುಖ ಮಾಡಿಕೊಂಡಿದ್ದಳು.

ಅವಳು ಹೋದಳು, ಓದಿದಳು, ಬಂದು ವಿಭಾಗದ ಮುಖ್ಯಸ್ಥರ ಕುರ್ಚಿಯಲ್ಲಿ ಯಾರಿಗೂ ಎದ್ದು ಕೊಡದ ಹಾಗೆ ಕೂತಳು. ಶನಿವಾರಗಳು ಕೊನೆಯವರೆಗೂ ಸೋದರತ್ತೆಯವೇ ಆಗಿದ್ದವು. ಮದುವೆಯಾಗಲಿಲ್ಲ. ಈ ಮಳೆಗಾಲದಲ್ಲಿ ಎದೆನೋವೆಂದು ಆಸ್ಪತ್ರೆಗೆ ಹೋದವಳು ವಾರದೊಳಗೆ ಹೋಗಿಬಿಟ್ಟಳು. ನಲವತ್ತು ಇನ್ನೂ ದೂರವಿತ್ತು.

ಮಣ್ಣಾದ ಮೇಲೆ ಜನ ಕರಗಿದಾಗ ಕಾಯಿವಾ ನನ್ನ ಪಕ್ಕದಲ್ಲಿ ಬಂದು ಕೂತರು. ಈಗ ಅವರಿಗೂ ಊರುಗೋಲು. ಏನಾದರೂ ಮಾತಾಡಬೇಕೆಂದು, ಮುಂದೆ ಯಾರನ್ನು ಕೂರಿಸುತ್ತೀರಿ ಎಂದು ಕೇಳಿದೆ.

"ಅಕ್ಕನ ಜಾಗಕ್ಕಾ? ಯಾರಾದರೂ ಒಬ್ಬ ಹುಡುಗಿ ಇದ್ದೇ ಇರ್ತಾಳೆ," ಎಂದರು. "ಅದಕ್ಕೊಂದು ದಾರಿ ಇದೆಯಮ್ಮ."

ಊರುಗೋಲನ್ನು ಪಕ್ಕಕ್ಕಿಟ್ಟು ನನ್ನ ಕಡೆ ತಿರುಗಿದರು. ನನ್ನ ಮಗಳು ಪರೀಕ್ಷೆಗೆ ಓದುವಾಗ ನೀನು ಜೊತೆಗಿದ್ದೆಯಂತಲ್ಲ, ಹೇಗೆ ಓದುತ್ತಿದ್ದಳು, ಎಂದು ಕೇಳಿದರು. ಕತ್ತಲಾಗುವವರೆಗೂ ಹೇಳಿದೆ.